ಜುಟ್ಟುಗಿಡುಗದ ಎರಡನೇ ಚೀಟಿ

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಗಾಯಗೊಂಡ ಗಿಡುಗವೊಂದನ್ನು ಹಿಡಿಯಲು ಹೋಗಿ ಕಳೆದುಕೊಂಡಿದ್ದು. ಆ ಬೋಳು ಬೆರಳಲ್ಲೇ ಕಾಲೇಜು ಮ್ಯೂಸಿಯಂನ ಹಕ್ಕಿಗಳ ಎದೆ ಸವರುತ್ತ, "ಹೆಸರು ಆಮೇಲೆ, ಮೊದಲು ನೆಂಟರನ್ನ ಹುಡುಕಿ" ಅನ್ನುತ್ತಿದ್ದರು.

ಅವರ ಜೀವವೆಲ್ಲ ಕಾಡಿನ ಜುಟ್ಟುಗಿಡುಗದ ಮೇಲೆ. ದಕ್ಷಿಣ ಅಮೆರಿಕದ ಮಳೆಕಾಡಿನಲ್ಲೂ ಅಂಥದೇ ಜುಟ್ಟಿನ, ಅಂಥದೇ ಮೋಟು ರೆಕ್ಕೆಯ ಗಿಡುಗಗಳಿವೆ. ಇವೆಲ್ಲ ಒಂದೇ ವಂಶದವು ಅಂತ ಅವರ ವಾದ. ಪಿಎಚ್.ಡಿ. ಬರೆದದ್ದೂ ಅದನ್ನೇ. ಡಿಎನ್ಎ ನೋಡಿದವರು ಅಲ್ಲ ಅಂದಾಗ, ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನೀನು ಕೈಯಾರೆ ಮಾಡಿ ತೋರಿಸು, ಒಪ್ತೀನಿ ಅಂತ ನನಗೆ ಹೇಳಿದರು. ನಾನಾಗ ವೈಟ್‌ಫೀಲ್ಡಿನ ಲ್ಯಾಬೊಂದರಲ್ಲಿ ಡಿಎನ್ಎ ಓದುವ ಕೆಲಸದಲ್ಲಿದ್ದೆ. ಕಾಲೇಜಿನ ಒಪ್ಪಿಗೆ ಪಡೆದು, ಮ್ಯೂಸಿಯಂನ ಗಿಡುಗದ ಅಂಗಾಲಿನಿಂದ ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿ ತಂದೆ.

ಫಲಿತಾಂಶ ಬಂತು. ಅಮೆರಿಕದವಕ್ಕೂ ನಮ್ಮದಕ್ಕೂ ಹತ್ತಿರದ ನೆಂಟಸ್ತಿಕೆಯೇ ಇಲ್ಲ. ಕಾಡಿನ ಬದುಕು ಎರಡಕ್ಕೂ ಬೇರೆಬೇರೆಯಾಗಿ ಒಂದೇ ರೂಪ ಕೊಟ್ಟಿತ್ತು. ಅಷ್ಟರಲ್ಲಿ ಮೇಷ್ಟ್ರು ಅಲ್ಲೇ ಹತ್ತಿರದ ಹೂಡಿಯಲ್ಲಿ, ಟೆಕ್ ಪಾರ್ಕಿನ ಕಾಂಪೌಂಡಿಗೆ ಅಂಟಿಕೊಂಡ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಯಾವ ಬಾಯಲ್ಲಿ ಹೇಳಲಿ? ಸ್ಯಾಂಪಲ್ ಹಳೇದು ಸಾರ್, ಕೆಟ್ಟುಹೋಗಿದೆ ಅಂತ ಸುಳ್ಳು ಹೇಳಿದೆ.

ನಮ್ಮ ಪರೀಕ್ಷೆ ಸರಿಯಾಗಿ ನಡೆದಿದೆಯೇ ಅಂತ ತಿಳಿಯಲು ಪಕ್ಕದಲ್ಲಿ ಗೊತ್ತಿರುವ ಹಕ್ಕಿಯೊಂದನ್ನು ಇಡುವುದು ಪದ್ಧತಿ. ಮ್ಯೂಸಿಯಂನಲ್ಲಿ ಗಿಡುಗವಿದ್ದ ಪೆಟ್ಟಿಗೆಯದೇ, ಅಷ್ಟೇ ಹಳೆಯ ಹದ್ದನ್ನು ಇಟ್ಟಿದ್ದೆ. ಅದರ ಡಿಎನ್ಎ ಬಂತಾ ಅಂತ ಮೇಷ್ಟ್ರು ಕೇಳಿದರು. ಬಂತು ಅಂದುಬಿಟ್ಟೆ, ಪೆದ್ದಿ.

"ಹದ್ದು ಬಂದಿದ್ರೆ ಗಿಡುಗಾನೂ ಬಂದಿರತ್ತೆ. ಹೇಳಮ್ಮ."

ಹೇಳಿದೆ. ಮೇಷ್ಟ್ರು ಒಂದು ಖಾಲಿ ಚೀಟಿ ತರಿಸಿದರು. ತಪ್ಪಿದ್ದರೂ ಮ್ಯೂಸಿಯಂ ಹಕ್ಕಿಯ ಕಾಲಿಗೆ ಕಟ್ಟಿದ, ಹೆಸರು-ವಂಶ ಬರೆದ ಹಳೇ ಚೀಟಿ ಕೀಳುವ ಹಾಗಿಲ್ಲ, ಅದರ ಜೊತೆಗೇ ಹೊಸದನ್ನು ಕಟ್ಟಬೇಕು. ಅವರಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ, ನನಗೆ ಹೇಳಿ ಬರೆಸಿದರು: "ಹಿಂದೆ ನಾನು ಬರೆದ ವಂಶ ತಪ್ಪು." ತಿದ್ದಿದವರು ಅನ್ನುವಲ್ಲಿ ನನ್ನ ಹೆಸರು ಹಾಕಿಸಿದರು. ನನಗೆ ಏನೂ ಅನ್ನಿಸಲಿಲ್ಲ, ಬರೆದೆ.

ಎಂಟನೇ ದಿನಕ್ಕೆ ಹೋಗಿಬಿಟ್ಟರು. ಎಲ್ಲರೂ ಅತ್ತರು, ನಾನು ಕುರ್ಚಿ ಜೋಡಿಸುತ್ತಿದ್ದೆ. ನಾನು ಹೇಳಿದ್ದಕ್ಕೇ ಹೋದರಾ ಅನ್ನುವ ಹುಳ ತಲೆ ಕೊರೆಯುತ್ತಿತ್ತು. ತಿಥಿ ಮುಗಿದ ಮೇಲೆ ತಡೆಯಲಾರದೆ ಅವರ ಹೆಂಡತಿಯನ್ನೇ ಕೇಳಿದೆ.

"ನೀನು ಹೇಳಿದ ದಿನ ಎರಡನೇ ಸಲ ಅನ್ನ ಹಾಕಿಸ್ಕೊಂಡ್ರು ಕಣಮ್ಮ, ತಿಂಗಳಾಗಿತ್ತು ಹಂಗೆ ಊಟ ಮಾಡಿ. ಅವಳು ನಿಜ ಹೇಳ್ಬಿಟ್ಟಳು, ಇನ್ನು ನಿಶ್ಚಿಂತೆ ಅಂದ್ರು."

ಹೂಂ ಅಂದೆ. ಹೊರಗೆ ಬಂದು ಚಪ್ಪಲಿ ಹಾಕಿಕೊಂಡೆ. ಅಳು ಇನ್ನೂ ಬಂದಿಲ್ಲ. ಬಂದಿದ್ದರೆ ಚೆನ್ನಾಗಿತ್ತು.