ವಿಭೂತಿ ಹಚ್ಚಿಸಿಕೊಂಡ ಅಪ್ಪನ ಪುಸ್ತಕ

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಆ ಕಾಲಕ್ಕೆ ನಮ್ಮ ಹೊಸಪೇಟೆಯಲ್ಲಿ ಸ್ವಂತ ಪುಸ್ತಕ ಅಚ್ಚು ಹಾಕಿಸಬೇಕೆಂದರೆ, ಮದುವೆ ಕಾರ್ಡು, ಕ್ಯಾಲೆಂಡರು ಮಾಡುವ ಪ್ರೆಸ್ಸಿಗೇ ಹೋಗಬೇಕಿತ್ತು. ನಮ್ಮಪ್ಪ ಹೋದ. ಅಲ್ಲಿಂದ ಶುರುವಾಯಿತು ನಮ್ಮ ಫಜೀತಿ.

ಅಪ್ಪ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವವನು. ಈ ಕಡೆ ಕಂಪ್ಲಿ, ಆ ಕಡೆ ಸಂಡೂರು, ಮರಿಯಮ್ಮನಹಳ್ಳಿ. ಅವನು ಇಳಿಯದ ಬಾವಿ ಇರಲಿಲ್ಲ. ಯಾವ ಬಾವಿಯನ್ನು ಯಾರು ತೋಡಿಸಿದರು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟು ಒಂದೇ ಬಾವಿಗೆ ಎರಡು ಕಡೆ ಮೆಟ್ಟಿಲು ಕಟ್ಟಿಸಿಕೊಂಡರು, ಎಲ್ಲವನ್ನೂ ಗ್ರೀಸು ಹತ್ತಿದ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಪ್ರಕಾಶಕರಿಗೆ ಕಳಿಸಿದ. ಉತ್ತರ ಬರಲಿಲ್ಲ. ನಾನೇ ಹಾಕಿಸುತ್ತೇನೆ ಎಂದು ಹಟಕ್ಕೆ ಬಿದ್ದ. ‘ನಾ ಇಳಿದ ಬಾವಿಗಳು’, ಐನೂರು ಪ್ರತಿ.

ಮುಖಪುಟಕ್ಕೆ ಬಾವಿಯ ಚಿತ್ರ ಬರೆಯುವವರು ಸಿಗಲಿಲ್ಲ. ಪ್ರೆಸ್ಸಿನವರ ಹತ್ತಿರ ಕ್ಯಾಲೆಂಡರಿಗೆ ಮಾಡಿಸಿದ್ದ ವಿರೂಪಾಕ್ಷಸ್ವಾಮಿಯ ಮುಖದ ಅಚ್ಚಿನ ಬ್ಲಾಕು ಇತ್ತು. ಅವ್ವನೇ ಅಂದಳು: “ಮೊದಲ್ನೇ ಕೆಲಸ, ಸ್ವಾಮಿ ಮುಖಾನ ಇರ್ಲಿ ಬಿಡ್ರಿ.”

ಆ ಮಾತಿಗೆ ಅವ್ವ ಆಮೇಲೆ ಎಷ್ಟು ಸಲ ಗಲ್ಲ ಗಲ್ಲ ಬಡಿದುಕೊಂಡಳೋ. ಸ್ವಾಮಿಯ ಮುಖವಿದ್ದ ಪುಸ್ತಕವನ್ನು ನೆಲದ ಮೇಲೆ ಇಡುವಂತಿಲ್ಲ. ಮನೆಯಲ್ಲಿದ್ದ ಒಂದೇ ಮಂಚ ಪುಸ್ತಕದ ಕಟ್ಟುಗಳಿಗೆ ಹೋಯಿತು, ನಾವು ಮೂವರು ನೆಲಕ್ಕೆ ಬಂದೆವು. ಸ್ನಾನ ಮಾಡದೆ ಮುಟ್ಟುವಂತಿಲ್ಲ. ಅತ್ತ ಕಾಲು ಚಾಚಿ ಮಲಗುವಂತಿಲ್ಲ. ನಾನು ಗೆಳತಿಯರನ್ನು ಕೂಡಿಸಿಕೊಂಡು ಗಜಗ ಆಡಿದರೆ, “ಧೂಳ ಏಳತೈತಿ, ಹೊರಗ ಹೋಗ್ರಿ” ಎಂದು ಅಟ್ಟುತ್ತಿದ್ದಳು. ಹೊರಗೆ ಕಾಲಿಟ್ಟರೆ ಕಾದ ಹೆಂಚಿನಂಥ ಬಿಸಿಲು. ಮನೆ ತುಂಬ ಅಚ್ಚಿನ ಮಸಿ ಮತ್ತು ಊದಿನಕಡ್ಡಿಯ ವಾಸನೆ. ಆ ವರ್ಷ ಗೆದ್ದಲು ಬರಲಿಲ್ಲ, ಅದೇ ಸ್ವಾಮಿಯ ದಯೆ.

ಮಾರೋಣವೆಂದು ಅಪ್ಪ ನನ್ನನ್ನು ಕರೆದುಕೊಂಡು ಹಂಪಿ ಬಜಾರಿಗೆ ಹೋದ. ಕಲ್ಲು ಮಂಟಪದ ನೆರಳಲ್ಲಿ ಟವೆಲ್ಲು ಹಾಸಿ ಪುಸ್ತಕ ಜೋಡಿಸಿದೆವು. ದರ್ಶನ ಮುಗಿಸಿ ಬಂದ ಒಬ್ಬ ಹೆಂಗಸು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, “ಇದರ ಜೊತಿ ಕುಂಕುಮ ಕೊಡಂಗಿಲ್ಲೇನ್ರಿ?” ಅಂದಳು.

“ಇದು ಬಾವಿ ಪುಸ್ತಕರಿ ತಾಯಿ. ಓದಾಕ,” ಅಂದ ಅಪ್ಪ.

“ಬಾವಿದಾ?” ಎಂದು ಅವಳು ಮತ್ತೊಮ್ಮೆ ಕಣ್ಣಿಗೊತ್ತಿಕೊಂಡು ಇಟ್ಟುಹೋದಳು.

ಮಾರಿದ್ದಕ್ಕಿಂತ ಮೋಟಾರು ರಿಪೇರಿಗೆ ಹೋದಲ್ಲೆಲ್ಲ ಹಂಚಿದ್ದೇ ಹೆಚ್ಚು. ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಅಪ್ಪನಿಗೆ ಬೇಕಾಗಿದ್ದದ್ದು ಒಂದೇ: ಮನೆಯವರಲ್ಲದ ಒಬ್ಬರಾದರೂ ಅದನ್ನು ಓದಿದೆ ಅನ್ನಬೇಕು. ಮೇ ನಡುವಿನ ಹೊತ್ತಿಗೆ ಕಡ್ಡಿರಾಂಪುರದ ಒಂದು ಮನೆಗೆ ಮತ್ತೆ ಹೋದಾಗ ತಡೆಯಲಾರದೆ ಕೇಳಿದನಂತೆ. ಪುಸ್ತಕ ದೇವರ ಜಗುಲಿಯ ಮೇಲಿತ್ತು. ವಿಭೂತಿ ಬಳಿದು, ಅಭಿಷೇಕದ ನೀರು ಬಿದ್ದು, ಹಾಳೆಗೆ ಹಾಳೆ ಅಂಟಿತ್ತು.

“ಓದೂದೇನೈತ್ರಿ? ದಿನಾ ಕೈ ಮುಗೀತೀವಲ್ರಿ,” ಅಂದಳಂತೆ ಮನೆಯಾಕೆ.

ಅಪ್ಪ ಬಂದವನೇ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. “ಮೂವತ್ತು ಮನಿಗೆ ಕೊಟ್ಟೀನಿ. ಮೂವತ್ತೂ ಮನ್ಯಾಗ ಹಿಂಗ ಪೂಜಿ ನಡದಿರಬೇಕು. ನಾಳೆ ಎಲ್ಲಾನೂ ಹೊಳಿಗೆ ಬಿಟ್ಟು ಬರ್ತೀನಿ.”

ದೇವರ ಚಿತ್ರದ ಕಾಗದವನ್ನು ರದ್ದಿಗೆ ಹಾಕುವಂತಿಲ್ಲ, ಹೊಳೆಗೇ ಬಿಡಬೇಕು. ಅವ್ವನಿಗೆ ಮಂಚ ವಾಪಸು ಬರುತ್ತಿತ್ತು. ಆದರೂ ಅವಳು ಕಟ್ಟುಗಳ ಮುಂದೆ ಹೋಗಿ ನಿಂತಳು. ನಾನು ಶಾಲೆಯ ಪುಸ್ತಕಗಳಿಗೆ ಹಳೆಯ ಪೇಪರಿನ ರಟ್ಟು ಹಾಕಿಕೊಳ್ಳುತ್ತ ಕೂತಿದ್ದೆ. “ಅವಕ್ಕೂ ರಟ್ಟು ಹಾಕಿದ್ರ?” ಅಂದೆ.

“ಸ್ವಾಮಿ ಮುಖ ಮುಚ್ಚೂದೇನ ಲೇ?” ಎಂದು ಅಪ್ಪ ರೇಗಿದ.

ಅವ್ವ ಆಗಲೇ ಅಂಟಿಗೆ ಮೈದಾ ಕಲಸಲು ಎದ್ದಿದ್ದಳು. “ಮುಚ್ಚೂದು ಯಾಕ? ಧೂಳ ಬೀಳದಂಗ ಹೊದಿಸ್ತೀವಿ. ಚಳಿಗಾಲಕ್ಕ ಸ್ವಾಮಿ ಶಾಲು ಹೊದಿಯಂಗಿಲ್ಲೇನು? ನೀವು ಕೈಕಾಲು ತೊಳಕೊಂಡು ಉಣ್ರಿ.”

ಇಪ್ಪತ್ತು ಪುಸ್ತಕಕ್ಕೆ ಅಂಟಿಸಿದೆವು. ಅಪ್ಪ ಅವುಗಳನ್ನು ಚಹಾದ ಅಂಗಡಿ, ಅಕ್ಕಿ ಗಿರಣಿ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಇಟ್ಟು ಬಂದ. ಒಂದು ವಾರ ಏನೂ ಇಲ್ಲ. ಎರಡನೇ ಸೋಮವಾರ ಮಧ್ಯಾಹ್ನ, ಅವ್ವ ಒಲೆ ಆರಿಸಿದ ಮೇಲೆ, ಪೇಪರಿನ ರಟ್ಟಿನ ಪುಸ್ತಕ ಹಿಡಿದ ಮುದುಕನೊಬ್ಬ ಒಳಗಿದ್ದ ವಿಳಾಸ ನೋಡಿಕೊಂಡು ಬಂದ. ಕಂಪ್ಲಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದನಂತೆ.

“ಇದನ್ನ ಬರ್ದಾವರು ಯಾರು?”

“ನಾನರಿ. ಒಳಗ ಬರ್ರಿ, ಕುಂದ್ರಿ.”

“ಕುಂದ್ರಾಕ ಬಂದಿಲ್ಲ. ನಲವತ್ತೊಂದನೇ ಪುಟದಾಗ ನಮ್ಮ ಬಾವಿ ನಮ್ಮ ಸಣ್ಣಪ್ಪ ತೋಡಿಸಿದ ಅಂತ ಬರ್ದೀರಿ. ನೀವು ನೋಡಾಕ ಬಂದಿದ್ರೇನು? ತೋಡಿಸಿದಾವ ನಮ್ಮಪ್ಪ. ಕಲ್ಲು ಒಡೆಯಾಕ ಹೋಗಿ ಎರಡು ಬೆರಳು ಕಳಕೊಂಡಾನ.”

“ನಲವತ್ತೊಂದರ ತನಕ ಓದಿದ್ರಾ?” ಅಪ್ಪನ ದನಿ ಸಣ್ಣಗಾಗಿತ್ತು.

“ಪೂರಾ ಓದೀನಿ. ಅಣ್ಣತಮ್ಮರ ಮೆಟ್ಲದ್ದು ಎರಡು ಸಲ ಓದೀನಿ. ಅದು ಬ್ಯಾರೆ ಮಾತು. ನಮ್ಮದು ತಿದ್ರಿ.”

ಅಪ್ಪ ಒಳಗಿದ್ದ ಅವ್ವನ ಕಡೆ ತಿರುಗಿದ. “ಕೇಳಿದೇನ? ಎರಡು ಸಲ ಅಂತ.”

“ಕೇಳ್ತು. ಮಂಡಕ್ಕಿ ನೆನಿಯಾಕ ಹಾಕ್ತೀನಿ,” ಎಂದು ಅವ್ವ ಮತ್ತೆ ಒಲೆ ಹೊತ್ತಿಸಿದಳು. ಮುದುಕ ಒಗ್ಗರಣಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಇಳಿಹೊತ್ತಿನವರೆಗೂ ಬೈದ. ಅಪ್ಪ ಒಂದೊಂದನ್ನೂ ಬರೆದುಕೊಂಡ. ಅಷ್ಟು ಖುಷಿಯಿಂದ ಬೈಸಿಕೊಂಡವರನ್ನು ನಾನು ಆಮೇಲೆ ಕಂಡಿಲ್ಲ.

ಹೊಳೆಯ ಮಾತು ಅಲ್ಲಿಗೆ ನಿಂತಿತು. ನಮ್ಮ ಗೋಳು ನಿಲ್ಲಲಿಲ್ಲ. ಉಳಿದ ನಾನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ನಲವತ್ತೊಂದನೇ ಪುಟ ತೆರೆದು, ಮುದುಕನ ಚಿಕ್ಕಪ್ಪನ ಹೆಸರು ಹೊಡೆದು, ಅವನ ಅಪ್ಪನ ಹೆಸರು ಬರೆಯಬೇಕಿತ್ತು. ಜೂನ್ ತಿಂಗಳೆಲ್ಲ ಶಾಲೆ ಬಿಟ್ಟು ಬಂದು, ಕೈಕಾಲು ಮುಖ ತೊಳೆದು, ಅದೇ ಕೆಲಸ. ಮಂಚ ಖಾಲಿಯಾಗಲು ಆರು ವರ್ಷ ಹಿಡಿಯಿತು.

ಈಗ ಅಪ್ಪನಿಲ್ಲ. ಪುಸ್ತಕ ಮಾಡಿಸುವುದು ಭಾಳ ಸುಲಭವಾಗಿದೆ. ನಾನೂ ಶ್ರಾವಣಕ್ಕೆ ಮೊದಲು ಹಬ್ಬದ ಅಡುಗೆಗಳದ್ದೊಂದು ಸಣ್ಣ ಪುಸ್ತಕ ಮಾಡಿಸಿ ನೂರು ಮನೆಗೆ ಕೊಟ್ಟೆ. ಫೋನಿನಲ್ಲಿ ಹೂವು, ಚಪ್ಪಾಳೆ, ‘ಸೂಪರ್ ಅಕ್ಕ’ ಎಲ್ಲ ಬಂದವು. ದೇವರು ಒಳ್ಳೆಯದು ಮಾಡಲಿ, ಕೊಟ್ಟದ್ದನ್ನು ಬೇಡ ಅಂದವರಿಲ್ಲ. ಆದರೆ ಹೋಳಿಗೆಯ ಹೂರಣಕ್ಕೆ ಒಂದು ಚಿಟಿಕೆ ಉಪ್ಪು ಅನ್ನುವಲ್ಲಿ ಒಂದು ಬಟ್ಟಲು ಉಪ್ಪು ಎಂದು ಅಚ್ಚಾಗಿದೆ. ಮೂರು ತಿಂಗಳಾಯಿತು. ಬೈಯಲು ಇನ್ನೂ ಯಾರೂ ಬಂದಿಲ್ಲ.