ಮನೆ ತುಂಬ ಹಾಯಿ

ಬಂದರಿನ ಹಿಂದಿನ ಬೀದಿಯಲ್ಲಿ ಎಲ್ಲರೂ ಅವಳನ್ನು ಟೈಲರಮ್ಮ ಎನ್ನುತ್ತಾರೆ. ಶಾಲೆಯ ಸಮವಸ್ತ್ರ, ಸೋಫಾದ ಗವಸು, ಲಾರಿಯ ಟಾರ್ಪಾಲು, ಯಾವುದಕ್ಕೂ ಆಗುವುದಿಲ್ಲ ಎಂದವಳಲ್ಲ. ಹಾಯಿ ಹೊಲಿಯುವುದನ್ನು ಮಾತ್ರ ಅಪ್ಪನಿಂದ ಕಲಿತಿದ್ದಳು. ಅಪ್ಪನ ಪಾಠ ಒಂದೇ: ಮೂಲೆಗೆ ಕೊನೆಯ ಹೊಲಿಗೆ ಹಾಕುವ ಮುನ್ನ ಹಾಯಿಯನ್ನು ಅದರದೇ ಕಂಬಕ್ಕೆ ಏರಿಸಿ ನೋಡಬೇಕು. ನೆಲದ ಮೇಲೆ ಸಮನಾಗಿ ಕಂಡದ್ದು ಗಾಳಿಯಲ್ಲಿ ಬೇರೆಯೇ ಆಗಿಬಿಡುತ್ತದೆ. ಮೂವತ್ತೊಂದು ವರ್ಷಗಳಲ್ಲಿ ಒಂದು ಹಾಯಿಯನ್ನೂ ಅವಳು ಏರಿಸಿ ನೋಡದೆ ಕೊಟ್ಟಿರಲಿಲ್ಲ.

ಈಗ ಎಂಟು ದಿನಗಳಿಂದ ಒಂದು ಹಾಯಿ ಅವಳ ನಡುಮನೆಯಲ್ಲಿ ಕಾಲು ಚಾಚಿ ಮಲಗಿತ್ತು. ಪುಟ್ಟ ದೋಣಿಯಲ್ಲಿ ಊರೂರು ಸುತ್ತುತ್ತಿದ್ದ ಗಂಡ ಹೆಂಡತಿ, ಮೂಲೆ ಹರಿದಿದೆ ಎಂದು ತಂದುಹಾಕಿ, "ನಮಗೇನೂ ಅವಸರ ಇಲ್ಲಮ್ಮ, ನಿಧಾನಕ್ಕೆ ಮಾಡಿ" ಎಂದು ಊರು ನೋಡಲು ಹೊರಟುಬಿಟ್ಟಿದ್ದರು. ಆ ಕೊನೆಯ ಹೊಲಿಗೆಯೊಂದನ್ನು ಬಿಟ್ಟು ಉಳಿದ ಕೆಲಸ ಎರಡೇ ದಿನದಲ್ಲಿ ಮುಗಿದಿತ್ತು. ಕುರ್ಚಿಗಳು ಅಡುಗೆಮನೆ ಸೇರಿದ್ದವು, ಮಂಚ ಗೋಡೆಗೆ ಒರಗಿ ನಿಂತಿತ್ತು. ಬಚ್ಚಲಿಗೆ ಹೋಗಬೇಕಾದರೆ ಗಂಡ ಗೋಡೆ ಸವರಿಕೊಂಡು ತುದಿಗಾಲಲ್ಲಿ ಹೋಗುತ್ತಿದ್ದ.

"ಏನೇ, ಇದನ್ನ ಮಡಚಿ ಇಡಬಾರದಾ?"

"ಮೂಲೇಲಿರೋದು ಬರೀ ಕಚ್ಚಾ ಹೊಲಿಗೆ ರೀ. ಮಡಚಿದ್ರೆ ತೇಪೆ ಜರುಗುತ್ತೆ, ಮತ್ತೆ ಮೊದಲಿಂದ ಶುರು ಮಾಡಬೇಕು."

"ನಾಳೆ ಹತ್ತು ಗಂಟೆಗೆ ಮಗಳು ಆಸ್ಪತ್ರೆಯಿಂದ ಬರ್ತಾಳೆ. ಮಗೂನ ಎಲ್ಲಿ ಮಲಗಿಸ್ತೀಯಾ, ನನ್ನ ತಲೆ ಮೇಲಾ?"

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ದೋಣಿಯ ಕೋಣೆಗೆ ಬೀಗ, ಹಾಯಿ ಏರಿಸುವ ಹಗ್ಗಗಳೆಲ್ಲ ಒಳಗೆ. ಬ್ರೆಡ್ಡಿನ ಅಂಗಡಿಯಲ್ಲಿ ವಿಚಾರಿಸಿದರೆ, "ಈಗಷ್ಟೇ ಎದ್ದು ಹೋದ್ರಲ್ಲ!" ಗ್ರಂಥಾಲಯದಲ್ಲೂ ಅದೇ ಮಾತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕ್ಷೌರದಂಗಡಿಯಲ್ಲಿ ಸಿಕ್ಕರು. ಯಜಮಾನನ ಅರ್ಧ ಮುಖದಲ್ಲಿ ಸೋಪಿನ ನೊರೆ. ಹೆಂಡತಿ ಪಕ್ಕದ ಬೆಂಚಿನಲ್ಲಿ ಕೂತು ಕತ್ತರಿ ಬಾಚಣಿಗೆಗಳ ಚಿತ್ರ ಬರೆಯುತ್ತಿದ್ದಳು.

"ಸಾರ್, ನಾಲ್ಕು ಸಲ ಹೇಳಿ ಕಳಿಸಿದೆ. ಅರ್ಧ ಗಂಟೆ ಬನ್ನಿ ಸಾಕು. ಹಾಯಿ ಏರಿಸಿ ನೋಡಿ ಮುಗಿಸಿಬಿಡ್ತೀನಿ."

"ಇವತ್ತಾ? ಮಧ್ಯಾಹ್ನ ದೀಪಸ್ತಂಭ ನೋಡೋಣ ಅಂತಿದ್ವಲ್ಲ. ಸಮುದ್ರ ಎಲ್ಲಿಗೆ ಓಡಿಹೋಗುತ್ತಮ್ಮ?"

"ಸಮುದ್ರ ಓಡಲ್ಲ ಸಾರ್, ನನ್ನ ಮಗಳು ಬರ್ತಾಳೆ. ಹಸಿ ಬಾಣಂತಿ. ನಿಮ್ಮ ಹಾಯಿ ಬಿಟ್ಟು ಮನೇಲಿ ಇನ್ಯಾರಿಗೂ ಜಾಗ ಇಲ್ಲ."

"ಅಯ್ಯೋ, ಪುಟ್ಟ ಮಗು!" ಹೆಂಡತಿ ಪೆನ್ಸಿಲ್ ಕೆಳಗಿಟ್ಟಳು. "ನೋಡೋಕೆ ಬಂದೇ ಬರ್ತೀವಿ!"

"ಬರೋವಾಗ ಕೂರೋಕೆ ಜಾಗಾನೂ ತನ್ನಿ," ಎಂದ ಕ್ಷೌರಿಕ.

ಯಜಮಾನ ನೊರೆ ಹಾರುವಂತೆ ನಕ್ಕ. "ನಾಳೆ ಖಂಡಿತ. ಊಟ ಆದ್ಮೇಲೆ."

ದಾರಿಯುದ್ದಕ್ಕೂ ಅವಳು ಒಬ್ಬಳೇ ಬಡಬಡಿಸಿಕೊಂಡು ಬಂದಳು. ಮನೆಯಲ್ಲಿ ಹಾಯಿಯ ಆ ಮೂಲೆಯ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತಳು.

"ಹೊಲಿಗೆ ಹಾಕಿಬಿಡು ಅತ್ಲಾಗೆ," ಎಂದ ಗಂಡ. "ಅವರಿಗೆಲ್ಲಿ ಗೊತ್ತಾಗುತ್ತೆ?"

"ಅವರಿಗೆ ಗೊತ್ತಾಗಲ್ಲ," ಎಂದಳು. ಆಮೇಲೆ ಮಿಷನ್ನು ಎಳೆದುಕೊಂಡಳು.

ಇಪ್ಪತ್ತು ನಿಮಿಷದಲ್ಲಿ ಹೊಲಿಗೆ ಮುಗಿಯಿತು. ಇಬ್ಬರೂ ಹಾಯಿಯನ್ನು ಹೊತ್ತೊಯ್ದು ದೋಣಿಯ ಮೇಲೆ ಕಟ್ಟಿಟ್ಟು ಬಂದರು. ಸಂಜೆಯೊಳಗೆ ನೆಲ ಒರೆಸಿ, ಮಂಚ ಇಳಿಸಿ, ಹಾಸಿಗೆ ಹಾಸಿದ್ದಾಯಿತು. ಮರುದಿನ ಮಗಳು ಬಂದವಳೇ ಕಾಲು ನೀಡಿ ಮಲಗಿ, "ಉಸ್ಸಪ್ಪಾ, ಈಗ ಜೀವ ಬಂತಮ್ಮ" ಎಂದಳು. ಮಗು ನೋಡಲು ದೋಣಿಯವರು ಬರಲೇ ಇಲ್ಲ.

ಅದಾದ ಐದನೆಯ ಬೆಳಿಗ್ಗೆ ದೋಣಿ ಹೊರಟಿತು. ತಾಯಿ ಮಗಳು ಕಿಟಕಿಗೆ ಬಂದರು. ಹಾಯಿ ಏರಿತು, ಗಾಳಿ ತುಂಬಿತು. ಆ ಮೂಲೆಯಿಂದ ಒಂದು ಸುಕ್ಕು ಓರೆಯಾಗಿ ನಡುವಿನವರೆಗೂ ಓಡಿತು. ದೋಣಿಯಲ್ಲಿದ್ದವರಿಬ್ಬರೂ ದಡದ ಕಡೆ ಖುಷಿಯಾಗಿ ಕೈಬೀಸುತ್ತಿದ್ದರು.

"ಎಷ್ಟು ಚೆನ್ನಾಗಿ ಕಾಣ್ತಿದೆ ಅಲ್ವೇನಮ್ಮ?"

"ಒಂದು ಬೆರಳಷ್ಟು ಬಿಗಿಯಾಗಿದೆ," ಎಂದಳು ಟೈಲರಮ್ಮ, ಮಗುವನ್ನು ಹೆಗಲಿಗೆ ಹಾಕಿ ತಟ್ಟುತ್ತ. "ಅರ್ಧ ಗಂಟೆ ಕೇಳಿದ್ದೆ ಕಣೇ. ಬರೀ ಅರ್ಧ ಗಂಟೆ."