ಅತ್ತೆಯ ಹೆಸರಿನ ಸೊಸೆ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ತಾಟಿನಲ್ಲಿ ಹರವಿದ್ದು ಅಕ್ಕಿ ಎಂದು ನಾನು ಹೇಳುತ್ತೇನೆ, ಗೋಧಿ ಎಂದು ನನ್ನ ಗಂಡ ಹೇಳುತ್ತಾನೆ. ‘ನನ್ನ ಹೆಸರು ಹಂಗ ಇರ್ಲಿ’ ಎಂದು ಆವತ್ತು ಬಾಯಿಬಿಟ್ಟು ಹೇಳಿದೆ ಎಂಬುದು ನನ್ನ ನೆನಪು. ಪಕ್ಕದಲ್ಲೇ ಕೂತಿದ್ದ ನನ್ನ ತಂಗಿಯನ್ನು ಕೇಳಿದರೆ ನಾನು ಏನೂ ಹೇಳಲಿಲ್ಲವಂತೆ, ಬರೀ ಮೂಗು ಒರೆಸಿಕೊಂಡೆನಂತೆ. ಧಾರವಾಡದಲ್ಲಿ ಇತಿಹಾಸ ಓದುವಾಗ, ಒಬ್ಬರ ಸಾಕ್ಷಿಯನ್ನೇ ನಂಬಿ ಬರೆಯಬೇಡಿ ಎಂದು ಕಲಿಸಿದ್ದರು. ಈ ಬರಹದಲ್ಲಿ ಹೆಚ್ಚಿನದಕ್ಕೆ ನಾನೊಬ್ಬಳೇ ಸಾಕ್ಷಿ. ಅದೂ ಸಿಟ್ಟಿನಲ್ಲಿರುವ ಸಾಕ್ಷಿ.

ತಪ್ಪಿರಲಾರದ ಸಂಗತಿ ಒಂದಿದೆ. ಮದುವೆಯಾಗಿ ಜಮಖಂಡಿಯಿಂದ ಬನಹಟ್ಟಿಗೆ ಬಂದ ದಿನ ನನ್ನ ಹೆಸರನ್ನು ತೆಗೆದುಹಾಕಿದರು. ಅತ್ತೆಯ ಹೆಸರೂ ಅದೇ ಆಗಿತ್ತು. ಇಬ್ಬರಿಗೂ ಒಂದೇ ಹೆಸರಿದ್ದರೆ ಸೊಸೆಯನ್ನು ಕರೆಯುವುದು ಹೇಗೆ, ಬೈಯುವುದು ಹೇಗೆ? ಸೊಸೆಗೆ ಬೈದದ್ದು ಅತ್ತೆಗೂ ತಗಲುತ್ತದಲ್ಲ! ಹಾಗಾಗಿ ಹೊಸದಾಗಿ ಬಂದವಳಿಗೆ ಬೇರೆ ಹೆಸರಿಡುವುದು ನಮ್ಮ ಕಡೆಯ ಪದ್ಧತಿ. ಆ ಹೆಸರನ್ನು ವಾಪಸು ಪಡೆಯಬೇಕೆಂದು ಆರು ವರ್ಷಗಳಿಂದ ಒದ್ದಾಡುತ್ತಿದ್ದೇನೆ.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ನನ್ನದೋ ಅತ್ತೆಯದೋ ಎಂಬ ತಕರಾರು ಮತ್ತೆ ಶುರುವಾಗುತ್ತದೆ. ಅಪರೂಪದ ಹೆಸರೇನೂ ಅಲ್ಲ. ದೇವಿಯ ಹೆಸರು. ನಮ್ಮ ಊರುಗಳಲ್ಲಿ ಯಾವ ಓಣಿಯ ಬಾಯಲ್ಲಿ ನಿಂತು ಕೂಗಿದರೂ ಮೂರು ಬಾಗಿಲಿನಿಂದ ‘ಓ’ ಎಂದು ಕೇಳುತ್ತದೆ. ಜಮಖಂಡಿಯ ಶಾಲೆಯಲ್ಲಿ ನನ್ನ ತರಗತಿಯೊಂದರಲ್ಲೇ ಐದು ಜನ ಇದ್ದೆವು. ಹಳೆಯ ಡೈರಿಯಲ್ಲಿ ನಾಲ್ವರು ಎಂದಿದೆ. ನನ್ನನ್ನು ಎಣಿಸಲು ಮರೆತಿದ್ದೆನೋ ಏನೋ. ಹಾಜರಿ ಹೇಳುವಾಗ ನಮ್ಮ ಬಾಯೋರು ಒಬ್ಬಳನ್ನು ಹುನ್ನೂರಾಕಿ ಎಂದೂ, ಒಬ್ಬಳನ್ನು ಎರಡು ಜಡೀದಾಕಿ ಎಂದೂ ಕರೆಯುತ್ತಿದ್ದರು. ನಾನು ಚಾಳೀಸಿನಾಕಿ. ಆಗಲೇ ಕಣ್ಣಿಗೆ ಕನ್ನಡಕ ಬಂದಿತ್ತು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಆಗ ನನಗೆ ಆ ಹೆಸರೆಂದರೆ ಆಗುತ್ತಿರಲಿಲ್ಲ. ‘ಊರಾಗ ಹೆಸರು ತೀರಿದ್ದವೇನು?’ ಎಂದು ಅವ್ವನ ಜೊತೆ ಜಗಳ ಆಡುತ್ತಿದ್ದೆ. ಕಸಿದುಕೊಂಡ ಮೇಲೆ ಅದು ನನ್ನದಾಯಿತೇ? ಹಾಗಾದರೆ ನನ್ನ ಈ ಹಟ ಹೆಸರಿಗಾಗಿಯೋ ಕಸಿದುಕೊಂಡದ್ದಕ್ಕಾಗಿಯೋ? ಡೈರಿಯಲ್ಲಿ ಈ ಪ್ರಶ್ನೆ ಹಲವು ಸಲ ಬಂದಿದೆ, ಪ್ರತಿ ಸಲವೂ ಬೇರೆ ಉತ್ತರದ ಜೊತೆ.

ಹೆಸರು ಬದಲಿಸಿದ ಸನ್ನಿವೇಶ ಚಿಕ್ಕದು. ಮನೆ ತುಂಬಿಸಿಕೊಂಡ ಮೇಲೆ ದೇವರ ಜಗಲಿಯ ಮುಂದೆ ನಮ್ಮಿಬ್ಬರನ್ನು ಕೂರಿಸಿದರು. ಮಾವನವರ ತಂಗಿ ತಾಟು ತಂದಿಟ್ಟು, ನನ್ನ ಗಂಡನ ಬೆರಳಿನಿಂದ ಉಂಗುರ ತೆಗೆದು ಅವನ ಕೈಗೇ ಕೊಟ್ಟರು.

‘ಬರೀಪಾ. ಹೊಸಾ ಹೆಸರು, ಛಲೋ ಐತಿ. ನಾನ ಹುಡುಕೇನಿ.’

ಅವನು ಕಾಳಿನ ಮೇಲೆ ಉಂಗುರದಿಂದ ಮೂರು ಅಕ್ಷರ ಗೀಚಿದ. ಟೀವಿ ಧಾರಾವಾಹಿಯ ಸೊಸೆಗೆ ಇರುವಂಥ ಹೆಸರು. ಯಾರೋ ತಾಟನ್ನು ಎತ್ತಿದರು, ಅಕ್ಷರಗಳು ಕಲಸಿಹೋದವು, ಎಲ್ಲರೂ ನಕ್ಕರು. ಅತ್ತೆ ನಕ್ಕರೋ ಇಲ್ಲವೋ ನೆನಪಿಲ್ಲ. ಅವರ ಮುಖ ಆಗ ಹೇಗಿತ್ತು ಎಂದು ಈಗ ಎಷ್ಟು ಯೋಚಿಸಿದರೂ ಬರುತ್ತಿಲ್ಲ. ಆವತ್ತು ನಾನು ನೋಡಿಯೇ ಇರಲಿಲ್ಲ, ಅಷ್ಟೇ ಇರಬೇಕು.

ಹೊಸ ಹೆಸರಿಗೆ ಓಗೊಡುವುದು ನನಗೆ ಬರಲಿಲ್ಲ. ಅತ್ತೆ ಹಿತ್ತಲಿಂದ ಎರಡು ಸಲ, ಮೂರು ಸಲ ಕರೆಯುವರು. ನಾನು ಒಲೆಯ ಮುಂದೆಯೇ ನಿಂತು, ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಎದುರು ಮನೆಯವರು ಅತ್ತೆಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು: ‘ಕಾಲೇಜಿನಾಗ ಕಲಿಸಾಕಿ ನೋಡ್ರಿ, ಬಾಳ ಧಿಮಾಕು. ಒಂದ ಸಲಕ್ಕ ಓ ಅನ್ನಂಗಿಲ್ಲ.’ ಅತ್ತೆ ಅದಕ್ಕೆ, ‘ಇಲ್ಲ ಬಿಡ್ರಿ, ಆಕೀಗೆ ಕಿವಿ ಒಂಚೂರು ಮಂದ’ ಎಂದರು. ನನ್ನನ್ನು ಕಾಪಾಡಿದರೋ ಕಿವುಡಿ ಮಾಡಿದರೋ ಇವತ್ತಿಗೂ ತಿಳಿದಿಲ್ಲ.

ಮನೆಯ ಹೊರಗೆ ಹಳೆಯ ಹೆಸರೇ ನಡೆಯುತ್ತಿತ್ತು. ನಾನು ಪಾಠ ಮಾಡುವ ಕಾಲೇಜಿನ ಹಾಜರಿ ಪುಸ್ತಕದಲ್ಲಿ, ಆಧಾರ್ ಕಾರ್ಡಿನಲ್ಲಿ ನಾನು ನಾನೇ. ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಇನ್ನೊಬ್ಬಳು. ಒಮ್ಮೆ ಅಪ್ಪನಿಗೆ ಎದೆನೋವು ಬಂತೆಂದು ತವರಿನಿಂದ ಮನೆಗೆ ಫೋನು ಬಂತು. ಆ ಹೊತ್ತಿಗೆ ನನ್ನ ಮೊಬೈಲು ಸ್ವಿಚ್ ಆಫ್ ಆಗಿತ್ತು. ನೆರೆಯವನೊಬ್ಬ ಮೋಟರ್‌ಸೈಕಲ್ ಏರಿ ಕಾಲೇಜಿಗೆ ಬಂದು ನನ್ನ ಮನೆಯ ಹೆಸರು ಹೇಳಿ ಕೇಳಿದ. ‘ಅಂಥಾವ್ರು ಇಲ್ಲಿ ಯಾರೂ ಇಲ್ಲರಿ’ ಎಂದು ಜವಾನ ಹೇಳಿ ಕಳಿಸಿದ. ನಾನು ಪಕ್ಕದ ಕೋಣೆಯಲ್ಲೇ ಪಾಠ ಮಾಡುತ್ತಿದ್ದೆ. ಅಪ್ಪನಿಗೆ ದೊಡ್ಡದೇನೂ ಆಗಲಿಲ್ಲ, ಗ್ಯಾಸ್ ಎಂದರು. ಆದರೆ ಸಂಜೆ ಮನೆಗೆ ಬಂದು ವಿಷಯ ತಿಳಿದಾಗ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದೇ ತೋಚಲಿಲ್ಲ.

ಆ ಸಂಜೆಯಿಂದ ಡೈರಿಯ ಹಿಂದಿನ ಹಾಳೆಗಳಲ್ಲಿ ಒಂದು ಪಟ್ಟಿ ಶುರು ಮಾಡಿದೆ. ನನ್ನ ಹೆಸರಿರುವ ಮನುಷ್ಯರು, ವಸ್ತುಗಳು. ರಬಕವಿಯಲ್ಲಿ ಒಂದು ಹಿಟ್ಟಿನ ಗಿರಣಿ. ಬೀಳಗಿಯಲ್ಲಿ ಒಂದು ಕಿರಾಣಿ ಅಂಗಡಿ. ನಡೆಸುವವನು ದಪ್ಪ ಮೀಸೆಯವನು, ಗಿರಾಕಿಗಳು ಅವನನ್ನೇ ಆ ಹೆಸರಿನಿಂದ ಕರೆಯುತ್ತಾರೆ, ಅವನೂ ಬೇಜಾರಿಲ್ಲದೆ ಓಗೊಡುತ್ತಾನೆ. ಮುಧೋಳದ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರೇಲರ್ ಒಂದರ ಹಿಂದೆ ನಮ್ಮ ಬಸ್ಸು ಅರ್ಧ ತಾಸು ತೆವಳಿತು. ಅದರ ಹಿಂಬದಿಯ ಹಲಗೆಯ ಮೇಲೆ ಎರಡು ಗಿಳಿಗಳ ನಡುವೆ ಕೆಂಪು ಬಣ್ಣದಲ್ಲಿ ನನ್ನ ಹೆಸರು. ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ನಮ್ಮದೇ ಪಾವರ್‌ಲೂಮ್ ಶೆಡ್ಡು. ಮಾವನವರು ಅದಕ್ಕೆ ಅತ್ತೆಯ ಹೆಸರಿಟ್ಟಿದ್ದಾರೆ. ಅಲ್ಲಿಂದ ಹೊರಡುವ ಪ್ರತಿ ಸೀರೆಯ ಮೇಲೂ ಆ ಹೆಸರಿನ ಚೀಟಿ. ರವಿವಾರ ಚೀಟಿ ಹಚ್ಚುವ ಕೆಲಸ ನನ್ನದು. ಕಟ್ಟುಗಟ್ಟಲೆ ಸೀರೆಗಳಿಗೆ ನನ್ನ ಹೆಸರು ಹಚ್ಚಿ ಎದ್ದರೆ, ‘ಏ ಇವಳ, ಚಾ ಮಾಡು’ ಎನ್ನುತ್ತಾನೆ ಗಂಡ. ಹೊಸ ಹೆಸರು ಅವನ ಬಾಯಿಗೂ ಹತ್ತಲಿಲ್ಲ.

ಮುಧೋಳದಿಂದ ಬರುವ ಸಹೋದ್ಯೋಗಿಯೊಬ್ಬರು ಒಂದು ದಿನ ಸ್ಟಾಫ್ ರೂಮಿನಲ್ಲಿ ತಡವರಿಸುತ್ತಾ ಹತ್ತಿರ ಬಂದರು.

‘ಮೇಡಮ್, ಸಿಟ್ಟಾಗಬ್ಯಾಡ್ರಿ. ನಮ್ಮ ಮನಿಯಾವ್ರು ತಿಮ್ಮಾಪುರದಿಂದ ಒಂದು ನಾಯಿಮರಿ ತಂದಾರ. ಹುಡುಗ್ರು ಅದಕ್ಕ ನಿಮ್ಮ ಹೆಸರು ಇಟ್ಟಬಿಟ್ಟಾವ. ನಿಮ್ಮನ್ನ ಊಟಕ್ಕ ಕರೀಬೇಕಂದ್ರ ಧೈರ್ಯ ಆಗವಲ್ದು.’

‘ಕರೀರಿ. ಯಾರು ಮೊದಲ ಓ ಅಂತೀವಿ ನೋಡೋಣು’ ಎಂದೆ.

ಹೋದೆ. ಉದ್ದ ಕಾಲಿನ, ಹೊಟ್ಟೆ ಬೆನ್ನಿಗೆ ಹತ್ತಿದ, ಮುಧೋಳ ತಳಿಯ ಸಣಕಲು ಮರಿ. ಹುಡುಗರು ಅಂಗಳದಿಂದ ಕೂಗಿದ ಕೂಡಲೇ ಕಿವಿ ನಿಗುರಿಸಿ ಓಡಿತು. ನಾನು ಕೂಡ ಕುರ್ಚಿಯಿಂದ ಅರ್ಧ ಎದ್ದಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ನಗು ಹೋಯಿತು. ಗಿರಣಿಗೆ ಆಗುತ್ತದೆ, ಟ್ರೇಲರಿಗೆ ಆಗುತ್ತದೆ, ನಾಯಿಮರಿಗೂ ಆಗುತ್ತದೆ. ಆ ಹೆಸರಿಟ್ಟುಕೊಂಡು ಹುಟ್ಟುದಾಖಲೆ ಪಡೆದವಳಿಗೆ ಮಾತ್ರ ಅವಳ ಮನೆಯಲ್ಲಿ ಆಗುವುದಿಲ್ಲ.

ಅದೇ ಸಂಜೆ ಗಂಡನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡೆ.

‘ಒಂದ ಸಲ ನನ್ನ ಹೆಸರು ಹಿಡದು ಕರಿ. ಒಂದ ಸಲ.’

‘ಅವ್ವನ ಹೆಸರು ನನ್ನ ಬಾಯಾಗ ಹೆಂಗ ಬರ್ತೈತಿ?’

‘ಅವ್ವಂದಲ್ಲ, ನಂದು.’

‘ಕೇಳಾಕ ಎರಡೂ ಒಂದ ಅಲ್ಲೇನು?’

ಬಿಡಲಿಲ್ಲ. ಅವನು ಹಿಂದೆ ಮುಂದೆ ನೋಡಿ, ಉಸಿರು ಎಳೆದುಕೊಂಡು, ಮೆಲ್ಲಗೆ ಕರೆದ. ಮೆಲ್ಲಗೆ ಎಂದು ಅವನು ಹೇಳುತ್ತಾನೆ. ಒಳಕೋಣೆಯಿಂದ ಅತ್ತೆಯ ಧ್ವನಿ ಬಂತು.

‘ಯಾಂವಾ ಅಂವಾ, ನನ್ನ ಹೆಸರು ಹಿಡದು ಕರದಾಂವ?’

‘ಯಾರೂ ಇಲ್ಲ ಬೇ ಯವ್ವಾ!’

‘ಹಡದಾಕಿ ಹೆಸರು ಹಿಡದು ಕರೀತಿ? ನಿಮ್ಮಪ್ಪ ಒಂದ ದಿನ ಕರದಿಲ್ಲ ನನ್ನ!’

ಎರಡು ದಿನ ಅವರು ಮಗನ ಜೊತೆ ಮಾತಾಡಲಿಲ್ಲ. ನನ್ನ ಜೊತೆ ಎಂದಿನಂತೆಯೇ ಇದ್ದರು, ಅದೇ ನನಗೆ ಹೆಚ್ಚು ಚುಚ್ಚಿತು. ಆ ಹೆಸರು ತಮ್ಮದೇ, ಬೇರೆ ಯಾರದ್ದೂ ಆಗಿರಲು ಸಾಧ್ಯವಿಲ್ಲ ಎಂಬಂತೆ. ನಾನು ಆಗ ಡೈರಿಯಲ್ಲಿ ಬರೆದ ಸಾಲನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ‘ಈಕೆ ಇರುವವರೆಗೂ ನನಗೆ ಹೆಸರಿಲ್ಲ’ ಎಂದು ಬರೆದಿದ್ದೆ.

ಈ ವರ್ಷ ಬೇಸಿಗೆಯಲ್ಲಿ ಅತ್ತೆಯ ಅಕ್ಕ ಬೀಳಗಿಯ ಕಡೆಯ ಹಳ್ಳಿಯಿಂದ ಬಂದರು. ಮೊಮ್ಮಗಳ ಮದುವೆಗೆ ನಮ್ಮ ಶೆಡ್ಡಿನಿಂದ ಸೀರೆ ಆರಿಸಬೇಕಿತ್ತು. ಇಷ್ಟು ವರ್ಷಗಳಲ್ಲಿ ಅವರು ನಮ್ಮ ಮನೆಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮದುವೆಯಲ್ಲಿ ನೋಡಿರಬಹುದು, ಹೇಳಲಾರೆ. ಅತ್ತೆ ಪಡಸಾಲೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದರು. ದೊಡ್ಡವ್ವ ಬಾಗಿಲಲ್ಲಿ ಚೀಲ ಇಳಿಸಿ ಒಂದು ಹೆಸರು ಹಿಡಿದು ಕೂಗಿದರು.

ಆ ಹೆಸರು ನನಗೆ ಗೊತ್ತಿತ್ತು. ಮದುವೆಯ ದಿನ ತಾಟು ತಂದಿಟ್ಟ, ಮಾವನವರ ತಂಗಿಯ ಹೆಸರು. ಅವರೂ ಬಂದರೇನೋ ಎಂದು ನಾನು ಬಾಗಿಲಿನ ಹೊರಗೆ ಇಣುಕಿದೆ. ಯಾರೂ ಇರಲಿಲ್ಲ. ಹಿಂದೆ ತಿರುಗಿದರೆ ಅತ್ತೆ ಎದ್ದು ನಿಂತಿದ್ದರು. ನೂಲು ತುಂಡಾಗಿ ರಾಟಿ ಸುಮ್ಮನೆ ತಿರುಗುತ್ತಿತ್ತು.

‘ಬಂದ್ಯಾ ಬೇ ಅಕ್ಕಾ!’ ಎಂದರು. ಅಂಥ ಧ್ವನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

ಮಧ್ಯಾಹ್ನ ಅತ್ತೆ ಶೆಡ್ಡಿಗೆ ಹೋದಾಗ ದೊಡ್ಡವ್ವನಿಗೆ ರೊಟ್ಟಿ ಬಡಿಸುತ್ತಾ ಕೇಳಿದೆ.

‘ದೊಡ್ಡವ್ವಾರ, ಮುಂಜಾನೆ ನೀವು ಕರದ ಹೆಸರು ಯಾರದರೀ?’

‘ಯಾರದಂದ್ರ? ನಿಮ್ಮತ್ತೀದು. ನಮ್ಮಪ್ಪ ಇಟ್ಟದ್ದು.’

‘ಮತ್ತ ಈಗಿನ ಹೆಸರು?’

‘ಅದನ್ನ ಇಲ್ಲಿ ಬಂದ ಮ್ಯಾಲ ಇಟ್ಟಾರ. ನಮ್ಮಪ್ಪ ಇಟ್ಟ ಹೆಸರ ಇವರ ಮನಿ ಮಗಳಿಗೂ ಇತ್ತಲ್ಲ. ಹತ್ತು ವರ್ಷದ ಹುಡುಗಿ ಆಗ ಅದು. ಮನಿ ಮಗಳ ಹೆಸರು ತಗ್ಯಾಕ ಆಕ್ಕೈತೇನು? ಸೊಸೀದು ತಗದ್ರು.’

ನಾನು ಕೈಯಲ್ಲಿ ರೊಟ್ಟಿ ಹಿಡಿದು ಹಾಗೇ ನಿಂತೆ. ದೊಡ್ಡವ್ವ ನನ್ನ ಮುಖ ನೋಡಿ ನಕ್ಕರು.

‘ನೀ ಬಾಳ ಓದಿದಾಕಿ ನೋಡು, ಹೆಸರು ಹಿಡಕೊಂಡು ಕುಂತಿ. ನಮಗೆಲ್ಲಿ ಪುರಸತ್ತ ಇತ್ತು? ರೊಟ್ಟಿ ಹಾಕು, ಆರತೈತಿ.’

ಅತ್ತೆಗೆ ಆಗ ಎಷ್ಟು ವಯಸ್ಸು, ಅತ್ತರೋ ಇಲ್ಲವೋ, ಎಷ್ಟು ದಿನ ಓಗೊಡಲಿಲ್ಲ ಎಂದೆಲ್ಲ ಕೇಳಿದೆ. ‘ಯಾರಿಗೆ ನೆನಪೈತಿ’ ಎಂದರು. ಗಂಡನನ್ನು ಕೇಳಿದರೆ ಅವನಿಗೆ ಗೊತ್ತೇ ಇರಲಿಲ್ಲ. ‘ದೊಡ್ಡವ್ವಗ ವಯಸ್ಸಾತು, ಏನೇನೋ ಅಂತಾಳ’ ಎಂದು ಹಾರಿಸಿದ. ಆದರೆ ದೊಡ್ಡವ್ವ ಇದ್ದ ನಾಲ್ಕು ದಿನವೂ ಆ ಹೆಸರಿನಿಂದಲೇ ಕರೆದರು, ಅತ್ತೆ ಪ್ರತಿ ಸಲವೂ ಒಂದೇ ಕೂಗಿಗೆ ಓ ಎಂದರು. ಅದಕ್ಕೆ ನನ್ನ ಗಂಡನೂ ಸಾಕ್ಷಿ.

ಇದನ್ನು ತಿಳಿದ ಮೇಲೆ ನನಗೆ ಅತ್ತೆಯ ಮೇಲೆ ಮರುಕ ಬರಬೇಕಿತ್ತು. ಬರಲಿಲ್ಲ ಎನ್ನಲಾರೆ, ಆದರೆ ಮೊದಲು ಬಂದದ್ದು ಸಿಟ್ಟೇ. ಏನಾಗುತ್ತದೆಂದು ಗೊತ್ತಿಲ್ಲದವರು ಮಾಡಿದ್ದರೆ ಮಾತು ಬೇರೆ. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಅದೇ ಜಗಲಿಯ ಮುಂದೆ, ತಮ್ಮ ಅದೇ ನಾದಿನಿ ತಾಟು ತಂದಿಟ್ಟಾಗ ಸುಮ್ಮನೆ ಕೂತರು. ತಮ್ಮದಲ್ಲದ ಹೆಸರನ್ನು ಕಾಯಲು ಮಗನ ಜೊತೆ ಎರಡು ದಿನ ಮಾತು ಬಿಟ್ಟರು. ಅಥವಾ ಇಷ್ಟು ವರ್ಷ ಬದುಕಿದ ಮೇಲೆ ಅದು ಅವರದೇ ಆಗಿತ್ತೇ? ನನ್ನ ಮೂರು ಅಕ್ಷರವೂ ಒಂದು ದಿನ ನನಗೆ ಹಾಗೇ ಅಂಟಿಕೊಂಡುಬಿಡುತ್ತದೆಯೇ? ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇದು.

ದೊಡ್ಡವ್ವನನ್ನು ಬಸ್ಸು ಹತ್ತಿಸಿ ಬಂದ ದಿನ ಸಂಜೆ ಅತ್ತೆ ಅಂಗಳದಲ್ಲಿ ಒಣಗಿದ ಮೆಣಸಿನಕಾಯಿ ಆಯುತ್ತಿದ್ದರು. ನಾನೂ ಎದುರು ಕೂತು ತೊಟ್ಟು ಮುರಿಯತೊಡಗಿದೆ. ಮೆತ್ತಗೆ ಕೇಳಬೇಕೆಂದುಕೊಂಡಿದ್ದೆ. ಬಾಯಿಂದ ಬಂದದ್ದು ಮೆತ್ತಗೆ ಇರಲಿಲ್ಲ. ಅವರು ಸಿಟ್ಟಾಗಲಿಲ್ಲ. ಮೊರ ಕುಟ್ಟಿ ಬೀಜ ಉದುರಿಸಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಘಾಟಿಗೆ ನನ್ನ ಕಣ್ಣಲ್ಲೂ ನೀರು ಬರುತ್ತಿತ್ತು, ಹಾಗಾಗಿ ಅದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ.

ಅದಾಗಿ ಮೂರು ತಿಂಗಳು ಕಳೆದಿವೆ. ಇಬ್ಬರೂ ಅದೇ ಅಡುಗೆಮನೆಯಲ್ಲಿ ಓಡಾಡುತ್ತೇವೆ, ಮಾತಾಡುತ್ತೇವೆ, ಅದನ್ನು ಬಿಟ್ಟು ಉಳಿದೆಲ್ಲ ಮಾತು. ನಾನು ಕೇಳಿದ್ದು ಇಷ್ಟೇ:

‘ಅತ್ತಿ, ನಿಮ್ಮದೂ ಹಿಂಗ ತಗದಿದ್ರಂದ ಮ್ಯಾಲ, ಇಕೀದಾದ್ರೂ ಇಕೀಗೆ ಇರ್ಲಿ ಬಿಡ್ರಿ ಅಂತ ಆವತ್ತು ನೀವ್ಯಾಕ ಅನ್ನಲಿಲ್ಲ?’